ಪೊಟ್ಟಣದ ಮೇಲೆ ದನ, ಒಳಗೆ ಕುದುರೆ: 2013ರ ಯುರೋಪಿನ ಮಾಂಸದ ಮೋಸ, ಒಂದು ಪ್ರಕರಣ ಅಧ್ಯಯನ

2013ರ ಜನವರಿ 15. ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಡಬ್ಲಿನ್‌ನಲ್ಲಿ ಒಂದು ಪರೀಕ್ಷೆಯ ಫಲಿತಾಂಶವನ್ನು ಜನರ ಮುಂದಿಟ್ಟಿತು. ಅಂಗಡಿಗಳಿಂದ ತಂದ 27 ಬೀಫ್ ಬರ್ಗರ್‌ಗಳ ಪೈಕಿ 10ರಲ್ಲಿ ಕುದುರೆಯ ಡಿಎನ್‌ಎ ಸಿಕ್ಕಿತ್ತು. 23ರಲ್ಲಿ ಹಂದಿಯ ಡಿಎನ್‌ಎ ಇತ್ತು. ಪೊಟ್ಟಣಗಳ ಮೇಲೆ ಇದ್ದದ್ದು ದನದ ಹೆಸರು ಮಾತ್ರ.

ಆ ಹತ್ತರಲ್ಲಿ ಒಂಬತ್ತು ಬರ್ಗರ್‌ಗಳಲ್ಲಿ ಕುದುರೆಯ ಅಂಶ ತೀರಾ ಕಡಿಮೆ. ಹತ್ತನೆಯದು ಬ್ರಿಟನ್ನಿನ ಟೆಸ್ಕೋ ಸೂಪರ್‌ಮಾರ್ಕೆಟ್ ತನ್ನ ಹೆಸರಿನಲ್ಲೇ ಮಾರುತ್ತಿದ್ದ ಅಗ್ಗದ ಬರ್ಗರ್. ಅದರಲ್ಲಿ ದನದ ಮಾಂಸಕ್ಕೆ ಹೋಲಿಸಿದರೆ ಕುದುರೆ ಮಾಂಸದ ಪಾಲು ಶೇ 29 ಇತ್ತು.

ಈ 29 ಅನ್ನೋ ಅಂಕಿಯೇ ಇಡೀ ಪ್ರಕರಣದ ಕೀಲಿ. ಶೇ ಅರ್ಧವೋ ಕಾಲೋ ಸಿಕ್ಕಿದ್ದರೆ, ಯಂತ್ರ ಸರಿಯಾಗಿ ತೊಳೆದಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಸುಮಾರು ಮೂರನೇ ಒಂದು ಭಾಗ ಕುದುರೆ ಸಿಕ್ಕಾಗ ಆ ಮಾತು ನಡೆಯುವುದಿಲ್ಲ. ಯಾರೋ ಎಲ್ಲೋ ಕುದುರೆ ಮಾಂಸ ಕೊಂಡಿದ್ದಾರೆ, ಅದಕ್ಕೆ ದನ ಅಂತ ಹೆಸರಿಟ್ಟಿದ್ದಾರೆ, ದನದ ರೇಟು ತೆಗೆದುಕೊಂಡಿದ್ದಾರೆ ಎಂದೇ ಅರ್ಥ.

ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಇದರಿಂದ ಯಾರೂ ಸಾಯಲಿಲ್ಲ, ಯಾರೂ ಆಸ್ಪತ್ರೆ ಸೇರಲಿಲ್ಲ. ಆದರೂ ಯುರೋಪಿನ ಆಹಾರ ಉದ್ಯಮಕ್ಕೆ ಇಷ್ಟು ದೊಡ್ಡ ಪೆಟ್ಟು ಕೊಟ್ಟ ಘಟನೆಗಳು ಕಡಿಮೆ. ಯಾಕೆ ಅಂದ್ರೆ, ಬರ್ಗರ್ ಕೊಳ್ಳುವವರ ಹತ್ತಿರ ಇರುವುದು ಲೇಬಲ್ ಒಂದೇ. ರುಬ್ಬಿದ ಮಾಂಸವನ್ನು ಕಣ್ಣಲ್ಲಿ ನೋಡಿ ಇದು ಯಾವ ಪ್ರಾಣಿ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಈರುಳ್ಳಿ, ಮಸಾಲೆ, ಸಾಸ್ ಬೆರೆತ ಮೇಲಂತೂ ನಾಲಿಗೆಗೂ ಗೊತ್ತಾಗುವುದಿಲ್ಲ. ಉಳಿಯುವುದು ಕೊಟ್ಟ ಮಾತು ಮಾತ್ರ.

ಹೇಗೆ ಸಿಕ್ಕಿತು

ಯಾರೋ ಗುಟ್ಟು ಬಿಟ್ಟುಕೊಟ್ಟು ಇದು ಹೊರಬರಲಿಲ್ಲ. ಯಾರಿಗೋ ಹೊಟ್ಟೆ ಕೆಟ್ಟಿದ್ದರಿಂದಲೂ ಅಲ್ಲ. ಲೇಬಲ್‌ನಲ್ಲಿ ಇರುವುದಕ್ಕೂ ಒಳಗಿರುವುದಕ್ಕೂ ತಾಳೆ ಇದೆಯಾ ಎಂದು ಐರ್ಲೆಂಡಿನ ಪ್ರಾಧಿಕಾರ ತಾನಾಗಿಯೇ ನೋಡಲು ಹೊರಟಿತ್ತು. 2012ರ ಕೊನೆಯಲ್ಲಿ ಬರ್ಗರ್, ಸಲಾಮಿ, ಲಸಾನ್ಯದಂಥ (ಪಾಸ್ತಾ ಹಾಳೆಗಳ ನಡುವೆ ಖೀಮಾ ಇಟ್ಟು ಬೇಯಿಸುವ ತಿನಿಸು) ಸಿದ್ಧ ಊಟಗಳ ಮಾದರಿ ತಂದು ಡಬ್ಲಿನ್‌ನ ಐಡೆಂಟಿಜೆನ್ ಪ್ರಯೋಗಾಲಯಕ್ಕೆ ಕೊಟ್ಟಿತು.

ಪರೀಕ್ಷೆ ನಡೆಯುವ ರೀತಿ ಹೀಗೆ. ಮಾಂಸದ ಚೂರಿನಿಂದ ಡಿಎನ್‌ಎ ಬೇರ್ಪಡಿಸುತ್ತಾರೆ. ಬೇಯಿಸಿದರೂ, ಫ್ರೀಜ್ ಮಾಡಿದರೂ ಡಿಎನ್‌ಎ ಪೂರ್ತಿ ನಾಶವಾಗುವುದಿಲ್ಲ, ಚೂರುಚೂರಾಗಿ ಉಳಿದಿರುತ್ತದೆ. ಕುದುರೆಯಲ್ಲಿ ಮಾತ್ರ ಇರುವ ಒಂದು ತುಣುಕನ್ನು ಗುರಿಯಾಗಿಟ್ಟು ಅದರ ಪ್ರತಿಗಳನ್ನು ಕೋಟಿಗಟ್ಟಲೆ ಹೆಚ್ಚಿಸುತ್ತಾರೆ. ತುಣುಕು ಇದ್ದರೆ ಬೆಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಎಷ್ಟು ಸೂಕ್ಷ್ಮ ಅಂದ್ರೆ, ಅದೇ ಮೇಜಿನ ಮೇಲೆ ಹಿಂದಿನ ದಿನ ಬೇರೆ ಮಾಂಸ ಕೊಯ್ದಿದ್ದರೂ ಅದರ ಸುಳಿವು ಕೊಟ್ಟುಬಿಡುತ್ತದೆ. ಹಾಗಾಗಿ "ಇದೆ" ಎಂಬ ಉತ್ತರ ಸಾಲದು. "ಎಷ್ಟಿದೆ" ಎಂಬುದೂ ಬೇಕು.

ಮೊದಲ ಫಲಿತಾಂಶ ಬಂದ ಕೂಡಲೇ ಪ್ರಾಧಿಕಾರ ಪತ್ರಿಕೆಗಳ ಮುಂದೆ ಓಡಲಿಲ್ಲ. ಮತ್ತೆ ಮಾದರಿ ತಂದಿತು, ಮತ್ತೆ ಪರೀಕ್ಷೆ ಮಾಡಿಸಿತು. ಪ್ರಮಾಣ ಅಳೆಯಲು ಜರ್ಮನಿಯ ಪ್ರಯೋಗಾಲಯಕ್ಕೂ ಕಳಿಸಿತು. ಇದಕ್ಕೆಲ್ಲ ವಾರಗಟ್ಟಲೆ ಹಿಡಿಯಿತು. ಅಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಆಮೇಲೆ ಟೀಕೆಯೂ ಬಂತು. ನನಗೆ ಆ ಕಾಯುವಿಕೆ ಸರಿ ಅನ್ನಿಸುತ್ತದೆ. ಜನರ ಆರೋಗ್ಯಕ್ಕೆ ಕೂಡಲೇ ಅಪಾಯ ಇರಲಿಲ್ಲ. ಒಂದು ಅಂಕಿ ತಪ್ಪಾಗಿದ್ದರೂ ಆ ದೇಶದ ಇಡೀ ಗೋಮಾಂಸ ಉದ್ಯಮದ ಮೇಲೆ ಸುಳ್ಳು ಆರೋಪ ಹೊರಿಸಿದಂತಾಗುತ್ತಿತ್ತು. ಗಟ್ಟಿಯಾದದ್ದನ್ನು ಕೈಯಲ್ಲಿಟ್ಟುಕೊಂಡೇ ಮಾತಾಡಿದ್ದರಿಂದ ಯಾರಿಗೂ ಅದನ್ನು ಅಲ್ಲಗಳೆಯಲು ಆಗಲಿಲ್ಲ.

ಮೊದಲ ಮೂರು ವಾರ

ಸುದ್ದಿ ಹೊರಬಿದ್ದ ಮೇಲೆ ಸುಮಾರು 1 ಕೋಟಿ ಬರ್ಗರ್‌ಗಳನ್ನು ಅಂಗಡಿಗಳಿಂದ ಹಿಂತೆಗೆದರು. ಟೆಸ್ಕೋ ಷೇರುಗಳ ಒಟ್ಟು ಬೆಲೆ ಸುಮಾರು 30 ಕೋಟಿ ಪೌಂಡ್ ಕುಸಿಯಿತು. ಮರುದಿನವೇ ಕಂಪನಿ ಪತ್ರಿಕೆಗಳಲ್ಲಿ ಪುಟ ತುಂಬಾ ಜಾಹೀರಾತು ಕೊಟ್ಟು ಕ್ಷಮೆ ಕೇಳಿತು.

ಆ ಶೇ 29ರ ಬರ್ಗರ್ ತಯಾರಾದದ್ದು ಐರ್ಲೆಂಡಿನ ಸಿಲ್ವರ್‌ಕ್ರೆಸ್ಟ್ ಎಂಬ ಕಾರ್ಖಾನೆಯಲ್ಲಿ. ಜನವರಿ ಮುಗಿಯುವುದರೊಳಗೆ ಟೆಸ್ಕೋ ಅವರೊಂದಿಗೆ ವ್ಯವಹಾರ ನಿಲ್ಲಿಸಿತು. ಬರ್ಗರ್ ಕಿಂಗ್ ಕೂಡ ಅಲ್ಲಿಂದ ಕೊಳ್ಳುವುದನ್ನು ಬಿಟ್ಟಿತು. ಐರ್ಲೆಂಡಿನ ಕೃಷಿ ಇಲಾಖೆ ತನಿಖೆ ಮಾಡಿತು. ಕಾರ್ಖಾನೆಯವರು ಗೊತ್ತಿದ್ದೂ ಕುದುರೆ ಮಾಂಸ ಕೊಂಡರು ಎನ್ನಲು ಪುರಾವೆ ಸಿಗಲಿಲ್ಲ. ಆದರೆ ಗ್ರಾಹಕ ಕಂಪನಿಗಳು ಒಪ್ಪಿದ ಪೂರೈಕೆದಾರರಿಂದ ಮಾತ್ರ ಕೊಳ್ಳಬೇಕೆಂಬ ಷರತ್ತನ್ನು ಅವರು ಪಾಲಿಸಿರಲಿಲ್ಲ ಎಂದು ವರದಿ ಹೇಳಿತು.

ಈ ಸಾಲನ್ನು ನಿಧಾನವಾಗಿ ಓದಬೇಕು. ಷರತ್ತು ಕಾಗದದಲ್ಲಿ ಇತ್ತು. ಅದನ್ನು ಪಾಲಿಸುತ್ತಿದ್ದಾರಾ ಎಂದು ನೋಡುವವರು ಇರಲಿಲ್ಲ. ಮುಂದೆ ಬರುವ ಪ್ರತಿಯೊಂದು ಕೊಂಡಿಯಲ್ಲೂ ಇದೇ ಕಾಣಿಸುತ್ತದೆ.

ಇಲ್ಲಿಯವರೆಗೆ ಇದು ಐರ್ಲೆಂಡ್ ಮತ್ತು ಬ್ರಿಟನ್ನಿನ ಬರ್ಗರ್ ಸಮಸ್ಯೆ ಎಂದು ಎಲ್ಲರೂ ಅಂದುಕೊಂಡಿದ್ದರು. ಫೆಬ್ರವರಿ 7ರಂದು ಅದೂ ಸುಳ್ಳಾಯಿತು. ಬ್ರಿಟನ್ನಿನಲ್ಲಿ ಮಾರುತ್ತಿದ್ದ, ಫಿಂಡಸ್ ಎಂಬ ಕಂಪನಿಯ ಬೀಫ್ ಲಸಾನ್ಯದ 18 ಮಾದರಿ ಪರೀಕ್ಷಿಸಿದರೆ 11ರಲ್ಲಿ ಶೇ 60ರಿಂದ 100ರವರೆಗೆ ಕುದುರೆ ಮಾಂಸ ಇತ್ತು. ಕೆಲವು ಪೊಟ್ಟಣಗಳಲ್ಲಿ ದನದ ಮಾಂಸವೇ ಇರಲಿಲ್ಲ. ಇದಕ್ಕೂ ಸಿಲ್ವರ್‌ಕ್ರೆಸ್ಟ್‌ಗೂ ಸಂಬಂಧ ಇರಲಿಲ್ಲ. ಬೇರೆ ಕಾರ್ಖಾನೆ, ಬೇರೆ ದೇಶ, ಬೇರೆ ದಲ್ಲಾಳಿಗಳು.

ಒಂದು ಲಸಾನ್ಯ ನಡೆದ ದಾರಿ

ಆ ಲಸಾನ್ಯದ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗೋಣ. ಪೊಟ್ಟಣದ ಮೇಲೆ ಫಿಂಡಸ್ ಹೆಸರು. ಫಿಂಡಸ್ ಅದನ್ನು ತಾನು ಮಾಡುತ್ತಿರಲಿಲ್ಲ. ಫ್ರಾನ್ಸಿನ ಮೆಟ್ಜ್ ನಗರದ ಕೊಮಿಜೆಲ್ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಕೊಮಿಜೆಲ್ ಅದನ್ನು ಲಕ್ಸೆಂಬರ್ಗ್‌ನಲ್ಲಿದ್ದ ಕಾರ್ಖಾನೆಯಲ್ಲಿ ಮಾಡಿಸುತ್ತಿತ್ತು. ಅಲ್ಲಿಗೆ ಮಾಂಸ ಬರುತ್ತಿದ್ದದ್ದು ದಕ್ಷಿಣ ಫ್ರಾನ್ಸಿನ ಕಾಸ್ತೆಲ್ನೊದರಿ ಪಟ್ಟಣದ ಸ್ಪಂಗೆರೊ ಕಂಪನಿಯಿಂದ. ಸ್ಪಂಗೆರೊಗೆ ಮಾಂಸ ಮಾರಿದ್ದು ಸೈಪ್ರಸ್‌ನಲ್ಲಿ ನೋಂದಾಯಿಸಿದ ಒಂದು ಕಂಪನಿ, ಅದನ್ನು ನಡೆಸುತ್ತಿದ್ದವರು ಡಚ್ ವ್ಯಾಪಾರಿ. ಮಾಂಸ ಇಟ್ಟಿದ್ದದ್ದು ನೆದರ್ಲೆಂಡ್ಸ್‌ನ ಬ್ರೆಡಾದ ಕೋಲ್ಡ್ ಸ್ಟೋರೇಜ್‌ನಲ್ಲಿ. ಕುದುರೆಗಳನ್ನು ಕಡಿದದ್ದು ರುಮೇನಿಯಾದ ಕಸಾಯಿಖಾನೆಗಳಲ್ಲಿ.

ಮಾರಾಟವಾದ ಬ್ರಿಟನ್ ಸೇರಿ, ಒಂದು ತಟ್ಟೆ ಊಟಕ್ಕೆ ಆರು ದೇಶ. ದಾರಿಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಕಾಗದಪತ್ರ ಸರಿಯಾಗಿಯೇ ಇತ್ತು, ಅಥವಾ ಇದೆ ಎಂದು ಅವರು ಹೇಳಿಕೊಂಡರು.

ಸುದ್ದಿ ಸಿಡಿದ ಕೂಡಲೇ ಎಲ್ಲರ ಬೆರಳೂ ರುಮೇನಿಯಾದ ಕಡೆ ತಿರುಗಿತು. ಬಡ ದೇಶ, ಅಲ್ಲೇ ಮೋಸ ಆಗಿರಬೇಕು ಎಂದು ಮಾತಾಡಿದರು. ಆದರೆ ಅಲ್ಲಿನ ಕಸಾಯಿಖಾನೆಯವರು ಕುದುರೆ ಎಂದೇ ಬರೆದು ಕುದುರೆಯನ್ನೇ ಮಾರಿದ್ದರು. ರುಮೇನಿಯಾದ ಪ್ರಧಾನಿ ವಿಕ್ಟರ್ ಪೊಂಟಾ ತಮ್ಮ ದೇಶದಲ್ಲಿ ನಿಯಮ ಮುರಿದಿಲ್ಲ ಎಂದು ಗಟ್ಟಿಯಾಗಿ ಹೇಳಿದರು. ಫ್ರಾನ್ಸಿನ ತನಿಖೆಯೂ ಅದನ್ನೇ ಹೇಳಿತು. ಆ ಆರಂಭದ ದಿನಗಳಲ್ಲಿ ಪುರಾವೆ ಇಲ್ಲದೆ ಒಂದು ದೇಶದ ಹೆಸರನ್ನು ಕೆಸರಿಗೆ ಎಳೆದದ್ದು ಈ ಪ್ರಕರಣದ ಇನ್ನೊಂದು ಅನ್ಯಾಯ. ಅದರ ಬಗ್ಗೆ ಕ್ಷಮೆಯ ಜಾಹೀರಾತು ಯಾರೂ ಕೊಡಲಿಲ್ಲ.

ಹಾಗಾದರೆ ಕುದುರೆ ದನ ಆದದ್ದು ಎಲ್ಲಿ?

ಫೆಬ್ರವರಿ 14ರಂದು ಫ್ರಾನ್ಸಿನ ಗ್ರಾಹಕ ವ್ಯವಹಾರಗಳ ಸಚಿವ ಬೆನ್ವಾ ಹಾಮೊನ್ ಉತ್ತರ ಕೊಟ್ಟರು. ಗಡಿ ದಾಟುವ ಪ್ರತಿ ಸರಕಿಗೂ ಒಂದು ಸುಂಕದ ಸಂಕೇತ ಸಂಖ್ಯೆ ಇರುತ್ತದೆ. ಫ್ರೀಜ್ ಮಾಡಿದ ದನದ ಮಾಂಸಕ್ಕೆ 0202. ಕುದುರೆ, ಕತ್ತೆ, ಹೇಸರಗತ್ತೆಯ ಮಾಂಸಕ್ಕೆ 0205. ಸ್ಪಂಗೆರೊಗೆ ಬಂದ ಸರಕಿನ ಕಾಗದದಲ್ಲಿ ಇದ್ದದ್ದು 0205. ಅಲ್ಲಿಂದ ಹೊರಗೆ ಹೋಗುವಾಗ ಅದೇ ಸರಕಿನ ಮೇಲೆ ಇದ್ದದ್ದು "ದನದ ಮಾಂಸ, ಮೂಲ ಯುರೋಪಿಯನ್ ಒಕ್ಕೂಟ".

ಕೊನೆಯ ಅಂಕಿಯೊಂದೇ ವ್ಯತ್ಯಾಸ. ಎರಡರ ಜಾಗದಲ್ಲಿ ಐದು. ಅದನ್ನು ಓದಲು ಪ್ರಯೋಗಾಲಯ ಬೇಕಿರಲಿಲ್ಲ, ಡಿಎನ್‌ಎ ಗೊತ್ತಿರಬೇಕಿರಲಿಲ್ಲ. ಬಿಲ್ಲನ್ನು ಕೈಗೆ ತೆಗೆದುಕೊಂಡು ಓದಿದ್ದರೆ ಸಾಕಿತ್ತು. ರೇಟು ಕೂಡ ದನದ ಮಾಂಸದ ಮಾರುಕಟ್ಟೆ ದರಕ್ಕಿಂತ ತುಂಬಾ ಕಡಿಮೆ ಇತ್ತು. ಕೊಮಿಜೆಲ್ ಕಡೆಯವರಿಗೂ ಗೊತ್ತಾಗಬೇಕಿತ್ತು ಎಂದು ಸಚಿವರು ಹೇಳಿದರು. ಫ್ರೀಜ್ ಬಿಡಿಸಿದಾಗ ಬಣ್ಣ ಮತ್ತು ವಾಸನೆ ಬೇರೆ ಇರುತ್ತದೆ. ಕುದುರೆ ಮಾಂಸ ಹೆಚ್ಚು ಕಡುಗೆಂಪು.

ತನಿಖೆಯ ಪ್ರಕಾರ ಆರು ತಿಂಗಳಲ್ಲಿ ಹೀಗೆ ಹೋದ ಕುದುರೆ ಮಾಂಸ ಸುಮಾರು 750 ಟನ್. ಅದರ ಹೆಚ್ಚಿನ ಪಾಲು 13 ದೇಶಗಳಲ್ಲಿ 45 ಲಕ್ಷ ಪೊಟ್ಟಣಗಳ ಒಳಗೆ ಸೇರಿತ್ತು.

ಸೈಪ್ರಸ್ ಕಂಪನಿಯ ಹೆಸರು ಡ್ರಾಪ್. ಡಚ್ ಭಾಷೆಯಲ್ಲಿ ಕುದುರೆಗೆ ಪಾರ್ಡ್ ಎನ್ನುತ್ತಾರೆ. ಆ ಪದದ ಅಕ್ಷರಗಳನ್ನು ಕೊನೆಯಿಂದ ಓದುತ್ತಾ ಬಂದರೆ ಸಿಗುವ ಹೆಸರೇ ಡ್ರಾಪ್. ಅದರ ಹಿಂದಿದ್ದ ವ್ಯಾಪಾರಿಗೆ 2012ರಲ್ಲೇ ನೆದರ್ಲೆಂಡ್ಸ್‌ನ ನ್ಯಾಯಾಲಯ ಶಿಕ್ಷೆ ವಿಧಿಸಿತ್ತು. ಅಪರಾಧ ಏನು ಗೊತ್ತಾ? ಕುದುರೆ ಮಾಂಸವನ್ನು ಹಲಾಲ್ ದನದ ಮಾಂಸ ಎಂದು ಮಾರಿದ್ದು. ಅದಾದ ಮೇಲೂ ಅವರ ಜತೆ ವ್ಯಾಪಾರ ಮಾಡಲು ಯಾರಿಗೂ ಅಡ್ಡಿ ಅನ್ನಿಸಲಿಲ್ಲ.

ಅಕ್ಕಿಕಾಳಿನಷ್ಟು ದೊಡ್ಡದು

ಇನ್ನೊಂದು ದೃಶ್ಯ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಉತ್ತರ ಐರ್ಲೆಂಡಿನ ನ್ಯೂರಿ ಪಟ್ಟಣದ ಒಂದು ಕೋಲ್ಡ್ ಸ್ಟೋರೇಜ್. ಅಲ್ಲಿ ಮಾಂಸದ ಒಂದು ದೊಡ್ಡ ದಾಸ್ತಾನು ಇತ್ತು. ಅದರ ಪ್ಯಾಕಿಂಗ್ ಮತ್ತು ಲೇಬಲ್ ನೋಡಿ ಸ್ಥಳೀಯ ಆರೋಗ್ಯಾಧಿಕಾರಿಗಳಿಗೆ ಅನುಮಾನ ಬಂತು. ತಡೆಹಿಡಿದರು. ಇದು 2012ರಲ್ಲಿ, ಡಬ್ಲಿನ್ ಸುದ್ದಿ ಹೊರಬೀಳುವ ಮೊದಲೇ. ಆಮೇಲೆ ಪರೀಕ್ಷೆ ಮಾಡಿಸಿದಾಗ 12 ಮಾದರಿಯಲ್ಲಿ ಎರಡರಲ್ಲಿ ಸುಮಾರು ಶೇ 80 ಕುದುರೆ.

ಹೆಪ್ಪುಗಟ್ಟಿದ ಗಡ್ಡೆಗಳನ್ನು ಕರಗಿಸಿ ಬಿಡಿಸಿದಾಗ ಮಾಂಸದ ಒಳಗೆ ಮೈಕ್ರೋಚಿಪ್‌ಗಳು ಸಿಕ್ಕವು. ಒಂದಲ್ಲ, ಮೂರು. ಯುರೋಪಿನಲ್ಲಿ ಕುದುರೆಯ ಗುರುತಿಗಾಗಿ ಕತ್ತಿನ ಒಳಗೆ ಸೂಜಿಯಿಂದ ಕೂರಿಸುವ ಚಿಪ್ ಅದು. ಗಾತ್ರ ಅಕ್ಕಿಕಾಳಿನಷ್ಟು. ಅದರಲ್ಲಿನ ಸಂಖ್ಯೆ ಹಿಡಿದು ಹೋದರೆ ಕುದುರೆಗೆ ಪಾಸ್‌ಪೋರ್ಟ್ ಇತ್ತು, ಸಾಕಿದವರು ಇದ್ದರು. ಆ ಕುದುರೆಗಳ ಜಾಡು ಪೋಲೆಂಡ್ ಮತ್ತು ಐರ್ಲೆಂಡಿಗೆ ಹೋಯಿತು.

ಯಾರೋ ಸಾಕಿದ, ಯಾರೋ ಸವಾರಿ ಮಾಡಿದ, ಸಂಖ್ಯೆ ಕೊಟ್ಟು ದಾಖಲೆ ಮಾಡಿದ ಪ್ರಾಣಿ ಅದು. ಅದರ ಮಾಂಸವನ್ನು ದನದ ಮಾಂಸದ ಜತೆ ಬೆರೆಸಿ ಸಾಸೇಜ್‌ಗೋ ಬರ್ಗರ್‌ಗೋ ಕಳಿಸಲು ಹೊರಟಿದ್ದರು. ಚಿಪ್ ತೆಗೆಯುವಷ್ಟು ತಾಳ್ಮೆಯೂ ಅವರಿಗಿರಲಿಲ್ಲ. ಆ ಅಸಡ್ಡೆ ನನಗೆ ಮೋಸಕ್ಕಿಂತಲೂ ಜಾಸ್ತಿ ನೋವು ಕೊಡುತ್ತದೆ. ಅಂಥ ಚೂರೊಂದು ಯಾರ ತಟ್ಟೆಗೆ ಬಂದರೂ ಅವರಿಗೆ ಚಿಂತೆ ಇರಲಿಲ್ಲ.

ಅಪಾಯ ಇಲ್ಲ ಅಂದರೆ ಸಾಕಾ?

ಕುದುರೆ ಮಾಂಸ ವಿಷವಲ್ಲ. ಫ್ರಾನ್ಸ್, ಇಟಲಿಯಲ್ಲಿ ಅದನ್ನು ಇಷ್ಟಪಟ್ಟು ತಿನ್ನುವವರಿದ್ದಾರೆ. ಭಯ ಇದ್ದದ್ದು ಬ್ಯೂಟ್ ಎಂದು ಕರೆಯುವ ಫೀನೈಲ್‌ಬ್ಯುಟಜೋನ್ ಎಂಬ ನೋವಿನ ಔಷಧಿಯ ಬಗ್ಗೆ. ಅದನ್ನು ಕೊಟ್ಟ ಕುದುರೆಯನ್ನು ಊಟಕ್ಕೆ ಬಳಸುವಂತಿಲ್ಲ. ಬ್ರಿಟನ್ನಿನಲ್ಲಿ ಕಡಿದ 206 ಕುದುರೆಗಳನ್ನು ಪರೀಕ್ಷಿಸಿದಾಗ 8ರಲ್ಲಿ ಅದು ಸಿಕ್ಕಿತು. ಆಗ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಸ್ಯಾಲಿ ಡೇವಿಸ್ ಜನರಿಗೆ ಲೆಕ್ಕ ಹೇಳಿದರು. ಮನುಷ್ಯರಿಗೆ ಔಷಧಿಯಾಗಿ ಕೊಡುವ ಪ್ರಮಾಣದ ಹತ್ತಿರಕ್ಕೆ ಬರಬೇಕಾದರೂ ಪೂರ್ತಿ ಕುದುರೆ ಮಾಂಸದ ಬರ್ಗರ್‌ಗಳನ್ನು ದಿನಕ್ಕೆ 500-600 ತಿನ್ನಬೇಕು ಎಂದು. ಅಪಾಯ ತೀರಾ ಕಡಿಮೆ ಎಂಬುದು ನಿಜ.

ಆದರೆ ಜನರ ಸಿಟ್ಟು ಅದರಿಂದ ಇಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ. ನನ್ನ ಊಟದ ಬಗ್ಗೆ ನಾನು ತೀರ್ಮಾನ ಮಾಡುತ್ತೇನೆ, ಆ ತೀರ್ಮಾನಕ್ಕೆ ಬೇಕಾದ ಒಂದೇ ಒಂದು ಮಾಹಿತಿಯನ್ನು ನೀವು ಸುಳ್ಳು ಮಾಡಿದಿರಿ. ಹೊಟ್ಟೆ ಕೆಡಲಿಲ್ಲವಲ್ಲ ಎಂದರೆ ಅದು ಉತ್ತರ ಆಗುವುದಿಲ್ಲ, ಅಲ್ವಾ?

ಇಲ್ಲಿ ಹಂದಿಯ ವಿಷಯಕ್ಕೆ ಬರಬೇಕು. ಕುದುರೆಯ ಗದ್ದಲದಲ್ಲಿ ಅದು ಹಿಂದೆ ಸರಿಯಿತು. 27ರಲ್ಲಿ 23 ಬರ್ಗರ್‌ಗಳಲ್ಲಿ ಹಂದಿಯ ಡಿಎನ್‌ಎ ಇತ್ತು. 31 ಸಿದ್ಧ ಊಟಗಳಲ್ಲಿ 21ರಲ್ಲೂ ಇತ್ತು. ಒಂದೇ ಕಾರ್ಖಾನೆಯಲ್ಲಿ ಎರಡೂ ಮಾಂಸ ಬಳಸುವುದರಿಂದ ಸೇರಿರಬಹುದಾದ ಸಣ್ಣ ಅಂಶ ಅದು. ವಿಜ್ಞಾನದ ಲೆಕ್ಕದಲ್ಲಿ ಚಿಕ್ಕದು. ಹಂದಿ ತಿನ್ನದ ಮುಸ್ಲಿಮರಿಗೆ, ಯಹೂದ್ಯರಿಗೆ ಅದು ಚಿಕ್ಕದಲ್ಲ. ಅದೇ ಫೆಬ್ರವರಿಯಲ್ಲಿ ಬ್ರಿಟನ್ನಿನ ಜೈಲುಗಳಿಗೆ ಹಲಾಲ್ ಎಂದು ಬರುತ್ತಿದ್ದ ಮಾಂಸದ ಪೈಗಳಲ್ಲೂ ಹಂದಿಯ ಡಿಎನ್‌ಎ ಸಿಕ್ಕಿತು. ಜೈಲಿನಲ್ಲಿರುವವರಿಗೆ ಬೇರೆ ಅಂಗಡಿಗೆ ಹೋಗುವ ದಾರಿ ಇಲ್ಲ. ಕೊಟ್ಟದ್ದನ್ನು ನಂಬಿ ತಿನ್ನಬೇಕು.

ಮಾಂಸವನ್ನೇ ತಿನ್ನದವರಿಗೂ ಇದು ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಸಸ್ಯಾಹಾರ ಎಂದು ಬರೆದದ್ದನ್ನು ನಂಬಿ ತಿಂದು, ಆಮೇಲೆ ಹಾಗಲ್ಲ ಎಂದು ಗೊತ್ತಾದರೆ ಆಗುವ ಕಸಿವಿಸಿಯೇ ಇದು.

ಯಾರೂ ಯಾಕೆ ನೋಡಲಿಲ್ಲ

ಮೊದಲನೆಯದು ಬೆಲೆ. ಆ ಅಗ್ಗದ ಬರ್ಗರ್‌ನ ಲೇಬಲ್ ಪ್ರಕಾರವೇ ಅದರಲ್ಲಿ ದನದ ಮಾಂಸ ಇದ್ದದ್ದು ಶೇ 63. ಉಳಿದದ್ದು ಈರುಳ್ಳಿ, ಹಿಟ್ಟು, ನೀರು, ಕೊಬ್ಬು, ಸೋಯಾ. ಒಳ್ಳೆಯ ತುಂಡುಗಳನ್ನು ಬಿಡಿಸಿದ ಮೇಲೆ ಉಳಿಯುವ ಚೂರುಗಳನ್ನು ಹೆಪ್ಪುಗಟ್ಟಿಸಿ ಗಡ್ಡೆ ಮಾಡಿ ಮಾರುತ್ತಾರೆ. ಅಗ್ಗದ ಬರ್ಗರ್‌ಗೆ ಹೋಗುವುದು ಇದೇ. ಗಡ್ಡೆಯ ಸ್ಥಿತಿಗೆ ಬಂದ ಮೇಲೆ ಪ್ರಾಣಿಗೆ ಮುಖ ಇಲ್ಲ, ಊರಿಲ್ಲ. ಸೂಪರ್‌ಮಾರ್ಕೆಟ್‌ಗಳು ರೇಟು ಇಳಿಸಿ ಇಳಿಸಿ ಎಂದು ಒತ್ತುತ್ತವೆ. ತಯಾರಕರು ಇನ್ನೂ ಅಗ್ಗದ ಗಡ್ಡೆ ಹುಡುಕುತ್ತಾರೆ. ದಲ್ಲಾಳಿ ತಂದುಕೊಡುತ್ತಾನೆ. ಆ ರೇಟಿಗೆ ದನದ ಮಾಂಸ ಸಿಗುವುದು ಸಾಧ್ಯವಾ ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಕೇಳಿದರೆ ಸರಕು ತಪ್ಪಿಹೋಗುತ್ತದೆ.

ಎರಡನೆಯದು ತಪಾಸಣೆಯ ರೀತಿ. ಕಾರ್ಖಾನೆಗಳಿಗೆ ತಪಾಸಣೆ ಇರಲಿಲ್ಲ ಎಂದಲ್ಲ, ಬೇಕಾದಷ್ಟು ಇತ್ತು. ಆದರೆ ಬರುವ ದಿನ ಮೊದಲೇ ಗೊತ್ತಿರುತ್ತಿತ್ತು. ಬಂದವರು ನೋಡುತ್ತಿದ್ದದ್ದು ಸ್ವಚ್ಛತೆ, ತಾಪಮಾನ, ಫೈಲುಗಳು. ಫೈಲು ಸರಿಯಾಗಿದ್ದರೆ ಪಾಸು. ಸುಳ್ಳು ಹೇಳುವವರು ಮೊದಲು ಸರಿಮಾಡಿಕೊಳ್ಳುವುದೇ ಫೈಲನ್ನು ಎಂಬುದು ಆ ವ್ಯವಸ್ಥೆಗೆ ಹೊಳೆದಿರಲಿಲ್ಲ.

ಮೂರನೆಯದು ಸರ್ಕಾರ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2013ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಮಾಂಸದ ಉತ್ಪನ್ನಗಳಲ್ಲಿ ಕುದುರೆ ಇದೆಯಾ ಎಂದು ಬ್ರಿಟನ್ ಕೊನೆಯ ಬಾರಿ ಹುಡುಕಿದ್ದು 2003ರಲ್ಲಿ. 2010ರಲ್ಲಿ ಇಂಗ್ಲೆಂಡಿನಲ್ಲಿ ಆಹಾರದ ಸುರಕ್ಷತೆಯನ್ನು ಒಂದು ಇಲಾಖೆಗೆ, ಆಹಾರ ಅಸಲಿಯೇ ಎಂಬುದನ್ನು ಇನ್ನೊಂದಕ್ಕೆ ಹಂಚಿದ್ದರು. ಇದರಿಂದ ಗೊಂದಲ ಆಗಿತ್ತು. ಸ್ಥಳೀಯ ಆಡಳಿತಗಳು ಪರೀಕ್ಷೆಗಳನ್ನೂ ಕಡಿಮೆ ಮಾಡಿದ್ದವು. ಹುಡುಕದಿದ್ದರೆ ಸಿಗುವುದಾದರೂ ಹೇಗೆ?

ಕೊಳ್ಳುವವರು ಕೊಟ್ಟ ಉತ್ತರ

ಜನ ಬೀದಿಗಿಳಿಯಲಿಲ್ಲ. ಸುಮ್ನೆ ಕೊಳ್ಳುವುದನ್ನು ಬಿಟ್ಟರು. ಫೆಬ್ರವರಿ 17ಕ್ಕೆ ಮುಗಿದ ನಾಲ್ಕು ವಾರಗಳಲ್ಲಿ ಬ್ರಿಟನ್ನಿನಲ್ಲಿ ಫ್ರೀಜ್ ಮಾಡಿದ ಬರ್ಗರ್ ಮಾರಾಟ ಹಿಂದಿನ ವರ್ಷಕ್ಕಿಂತ ಶೇ 43 ಬಿದ್ದಿತು. ಫ್ರೀಜ್ ಮಾಡಿದ ಸಿದ್ಧ ಊಟ ಶೇ 13. ಕಣ್ಣ ಮುಂದೆಯೇ ಮಾಂಸ ಕೊಚ್ಚಿ ಕೊಡುವ ಬೀದಿ ಕಟುಕರ ಅಂಗಡಿಗಳಲ್ಲಿ ವ್ಯಾಪಾರ ಏರಿತು. ಜನ ಹುಡುಕಿಕೊಂಡು ಹೋದದ್ದು ಉತ್ತರ ಹೇಳುವ ಒಂದು ಮುಖವನ್ನು. ಇದು ಎಲ್ಲಿಯದು ಎಂದು ಕೇಳಿದರೆ ಆ ಮನುಷ್ಯ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು.

ಎಲ್ಲರಿಗೂ ಆ ದಾರಿ ಇರಲಿಲ್ಲ. ಅಗ್ಗದ ಬರ್ಗರ್ ಕೊಳ್ಳುತ್ತಿದ್ದವರು ಅದನ್ನು ರುಚಿಗಾಗಿ ಆರಿಸಿರಲಿಲ್ಲ. ಕೈಯಲ್ಲಿದ್ದ ದುಡ್ಡಿಗೆ ಮಕ್ಕಳಿಗೆ ಮಾಂಸ ಕೊಡಿಸಲು ಇದ್ದ ದಾರಿ ಅದು. ಅಗ್ಗದ್ದು ಕೊಂಡರೆ ಹೀಗೇ ಆಗುವುದು ಎಂದು ಆಗ ಎಷ್ಟೋ ಜನ ಬರೆದರು. ನಾನು ಅದನ್ನು ಒಪ್ಪುವುದಿಲ್ಲ. ಕಡಿಮೆ ದುಡ್ಡಿಗೆ ಕಡಿಮೆ ಮಾಂಸ ಕೊಡಿ, ಗಟ್ಟಿ ಚೂರು ಕೊಡಿ, ಕೊಬ್ಬು ಹೆಚ್ಚು ಹಾಕಿ. ಆದರೆ ಹಾಕಿದ್ದನ್ನು ಬರೆಯಿರಿ. ನಿಜ ಹೇಳಲು ಬೇರೆ ರೇಟು ಇಲ್ಲ.

ಅಷ್ಟರಲ್ಲಿ ಪಟ್ಟಿ ಬೆಳೆಯುತ್ತಲೇ ಇತ್ತು. ಟೆಸ್ಕೋ ಮತ್ತು ಆಲ್ಡಿ ಸೂಪರ್‌ಮಾರ್ಕೆಟ್‌ಗಳ ಸಿದ್ಧ ಊಟಗಳು, ಇಟಲಿ ಮತ್ತು ಸ್ಪೇನ್‌ನಲ್ಲಿ ನೆಸ್ಲೆಯ ಪಾಸ್ತಾ, ಚೆಕ್ ಪರೀಕ್ಷಕರಿಗೆ ಸಿಕ್ಕ ಐಕಿಯಾದ ಮಾಂಸದ ಉಂಡೆಗಳು. ಯುರೋಪಿಯನ್ ಒಕ್ಕೂಟ ತನ್ನ 27 ದೇಶಗಳಲ್ಲಿ ಒಟ್ಟಿಗೆ ಪರೀಕ್ಷೆ ಮಾಡಿಸಿತು. ಕುದುರೆ ಡಿಎನ್‌ಎಗಾಗಿ 4,144 ಪರೀಕ್ಷೆ, 193ರಲ್ಲಿ ಸಿಕ್ಕಿತು. ನೂರಕ್ಕೆ ಐದರ ಹತ್ತಿರ.

ಆಮೇಲೆ ಬದಲಾದದ್ದು

ಬ್ರಿಟನ್ ಸರ್ಕಾರ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರಿಸ್ ಎಲಿಯಟ್ ಅವರಿಗೆ ವಿಮರ್ಶೆಯ ಕೆಲಸ ಕೊಟ್ಟಿತು. ಅವರ ಅಂತಿಮ ವರದಿ 2014ರ ಸೆಪ್ಟೆಂಬರ್‌ನಲ್ಲಿ ಬಂತು. ಆ ವರದಿಯಲ್ಲಿ ನನಗೆ ಹಿಡಿಸಿದ್ದು ಒಂದು ನೇರವಾದ ನಿಲುವು. ಇದನ್ನು ಲೇಬಲ್ ತಪ್ಪು ಎಂದು ಕರೆಯಬೇಡಿ, ಸಂಘಟಿತವಾಗಿ ನಡೆದರೆ ಅದು ಅಪರಾಧ, ಅಪರಾಧ ಹಿಡಿಯುವವರೇ ಅದನ್ನು ಹಿಡಿಯಬೇಕು. ಅದರಂತೆ ಆಹಾರ ಅಪರಾಧಕ್ಕೆಂದೇ ಒಂದು ರಾಷ್ಟ್ರೀಯ ಘಟಕ ಶುರುವಾಯಿತು.

ಹೇಳದೆ ಕೇಳದೆ ಬರುವ ತಪಾಸಣೆ ಬೇಕು ಎಂದರು. ಮಾರುಕಟ್ಟೆ ದರಕ್ಕಿಂತ ತೀರಾ ಅಗ್ಗಕ್ಕೆ ಸಿಕ್ಕರೆ ಖುಷಿಪಡುವ ಬದಲು ಅನುಮಾನಪಡಿ ಎಂದು ಖರೀದಿ ವಿಭಾಗದವರಿಗೆ ಹೇಳಿದರು. ಇನ್ನೊಂದು ಸಲಹೆ ಕಂಪನಿಗಳ ಮೌನದ ಬಗ್ಗೆ. ಒಂದು ಕಂಪನಿಗೆ ಮೋಸದ ವಾಸನೆ ಬಂದರೂ ಅದು ಬಾಯಿ ಬಿಡುವುದಿಲ್ಲ, ತನ್ನ ಹೆಸರೇ ಕೆಡುತ್ತದೆ ಎಂಬ ಹೆದರಿಕೆ. ಹೆಸರು ಹೊರಬೀಳದಂತೆ ಮಾಹಿತಿ ಹಂಚಿಕೊಳ್ಳುವ ಜಾಗ ಬೇಕು ಎಂದು ಎಲಿಯಟ್ ಹೇಳಿದರು. 2015ರಲ್ಲಿ ಉದ್ಯಮದವರೇ ಸೇರಿ ಅಂಥದ್ದೊಂದು ಜಾಲ ಕಟ್ಟಿದರು. ಪರೀಕ್ಷೆಯ ಫಲಿತಾಂಶಗಳನ್ನು ಅಲ್ಲಿ ಒಟ್ಟು ಹಾಕುತ್ತಾರೆ. ದೊಡ್ಡ ಜಾಹೀರಾತುಗಳಿಗಿಂತ ನನಗೆ ಈ ಸದ್ದಿಲ್ಲದ ಕೆಲಸದ ಮೇಲೆ ಹೆಚ್ಚು ಭರವಸೆ.

ಲೇಬಲ್ ವಿಷಯದಲ್ಲಿ ಅರ್ಧ ದಾರಿ ನಡೆದರು. 2015ರ ಏಪ್ರಿಲ್‌ನಿಂದ ಒಕ್ಕೂಟದಲ್ಲಿ ಹಂದಿ, ಕುರಿ, ಮೇಕೆ, ಕೋಳಿಯ ಹಸಿ ಮಾಂಸದ ಮೇಲೂ ಮೂಲ ದೇಶದ ಮಾಹಿತಿ ಬರೆಯುವುದು ಕಡ್ಡಾಯವಾಯಿತು. ದನದ ಮಾಂಸಕ್ಕೆ ಅದು ಮೊದಲೇ ಇತ್ತು. ಲಸಾನ್ಯದ ಒಳಗಿನ ಖೀಮಾವನ್ನು ಆ ನಿಯಮ ಮುಟ್ಟಲಿಲ್ಲ. ಮೋಸ ನಡೆದದ್ದು ಅಲ್ಲೇ. 2017ರಲ್ಲಿ ಫ್ರಾನ್ಸ್ ಮಾತ್ರ ತನ್ನ ಮಟ್ಟಿಗೆ ಸಿದ್ಧ ಊಟದ ಮಾಂಸಕ್ಕೂ ಇದನ್ನು ಪ್ರಯೋಗವಾಗಿ ತಂದಿತು.

ನ್ಯಾಯಾಲಯಗಳು ನಿಧಾನ. 2015ರಲ್ಲಿ ನೆದರ್ಲೆಂಡ್ಸ್‌ನ ಒಬ್ಬ ಮಾಂಸ ವ್ಯಾಪಾರಿಗೆ ಎರಡೂವರೆ ವರ್ಷ ಜೈಲು. ಅವರ ಕಾರ್ಖಾನೆಯಿಂದ ಹೋದ 50,000 ಟನ್ ಮಾಂಸವನ್ನು ಹಿಂದಕ್ಕೆ ಕರೆಸಲು 2013ರಲ್ಲೇ ಆದೇಶ ಆಗಿತ್ತು. 2017ರಲ್ಲಿ ಲಂಡನ್‌ನಲ್ಲಿ ಇನ್ನೊಂದು ಜಾಲದವರಿಗೆ ಶಿಕ್ಷೆ ಆಯಿತು. ಲಸಾನ್ಯದ ಮೊಕದ್ದಮೆ ಪ್ಯಾರಿಸ್‌ನಲ್ಲಿ ಮುಗಿದದ್ದು 2019ರ ಏಪ್ರಿಲ್‌ನಲ್ಲಿ. ಡ್ರಾಪ್ ನಡೆಸುತ್ತಿದ್ದವರಿಗೆ ಎರಡು ವರ್ಷ ಜೈಲು. ಸ್ಪಂಗೆರೊದ ಮಾಜಿ ನಿರ್ದೇಶಕರಿಗೆ ಎರಡು ವರ್ಷ, ಅದರಲ್ಲಿ ಹದಿನೆಂಟು ತಿಂಗಳ ಶಿಕ್ಷೆಯನ್ನು ಜಾರಿ ಮಾಡದೆ ತಡೆಹಿಡಿದರು. ಸ್ಪಂಗೆರೊ ಕಂಪನಿ ಅಷ್ಟು ಹೊತ್ತಿಗೆ ಮುಳುಗಿಹೋಗಿತ್ತು. ಬಿಲ್ಲಿನ ಸಂಖ್ಯೆಯ ಗೊಡವೆಯೇ ಇಲ್ಲದ ಕಾರ್ಮಿಕರ ಕೆಲಸವೂ ಅದರ ಜತೆ ಹೋಯಿತು.

ಪರೀಕ್ಷೆ ಮಾಡಲು ಆದದ್ದು ಅಂಗಡಿ ಮತ್ತು ಗೋದಾಮುಗಳಲ್ಲಿ ಉಳಿದಿದ್ದ ಪೊಟ್ಟಣಗಳನ್ನು ಮಾತ್ರ. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಮಾರಾಟವಾದದ್ದನ್ನು ಜನ ಆಗಲೇ ಬಿಸಿ ಮಾಡಿ, ಬಡಿಸಿ, ತಿಂದಾಗಿತ್ತು. ತಮ್ಮ ತಟ್ಟೆಯಲ್ಲಿ ಇದ್ದದ್ದು ಯಾವುದು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.